ಮಣೆಯ ಮೇಲೆ ಬಡಿಸಿದ ಸುಶಿ

ಹನುಮಂತರಾಯರು ಪ್ರತಿಜ್ಞೆ ಮಾಡಿದ್ದು ಶನಿವಾರ ಬೆಳಿಗ್ಗೆ, ಪೂಜೆ ಮುಗಿಸಿ ದೇವರಮನೆಯ ಹೊಸ್ತಿಲು ದಾಟಿದ ಕೂಡಲೇ. ನಾಳೆ ತಾವೂ ಹೋಟೆಲಿಗೆ ಬರುವವರೇ! ಏನು ಕೊಟ್ಟರೂ ತಿನ್ನುವವರೇ! ಅದೂ ಜಪಾನಿನವರ ಹಾಗೆ ಎರಡು ಕಡ್ಡಿ ಹಿಡಿದು, ಒಂದೇ ಒಂದು ತಕರಾರಿನ ಮಾತಿಲ್ಲದೆ! ಕೊತ್ತಂಬರಿ ಸೋಸುತ್ತಾ ಕೂತಿದ್ದ ಹೆಂಡತಿ ಗೋದಾಬಾಯಿ ತಲೆಯನ್ನೂ ಎತ್ತಲಿಲ್ಲ.

"ಆಗೋವಂಥಾ ಮಾತು ಆಡ್ರಿ" ಎಂದರು.

ಸರ್ಕಾರಿ ನೌಕರಿಯಲ್ಲಿ ಎಂತೆಂಥ ಮೇಲಧಿಕಾರಿಗಳನ್ನು ಪಳಗಿಸಿ ನಿವೃತ್ತರಾದ ರಾಯರಿಗೆ ಎರಡು ಕಡ್ಡಿ ಯಾವ ಲೆಕ್ಕ? ಅವರು ಆ ಮಾತನ್ನು ಕೇಳಿಸಿಕೊಳ್ಳದವರಂತೆ ಪೇಪರು ಬಿಡಿಸಿಕೊಂಡು ಕೂತರು.

ಸಂಗತಿ ಇಷ್ಟೇ. ಮೆಹದಿಪಟ್ಟಣಂನ ಆ ಮನೆಯಲ್ಲಿ ಇದ್ದವರು ನಾಲ್ಕು ಮಂದಿ: ರಾಯರು, ಗೋದಾಬಾಯಿ, ಮಗ ನಿಶಾಂತ, ಸೊಸೆ ಮೃಣಾಲಿನಿ. ಭಾನುವಾರ ಮಧ್ಯಾಹ್ನ ಹೊರಗೆ ಊಟಕ್ಕೆ ಹೋಗುತ್ತಿದ್ದವರು ಮಾತ್ರ ಮೂರು ಮಂದಿ. ರಾಯರಿಗೆ ಅನ್ನ, ಸಾರು ಮಾಡಿ ಮುಚ್ಚಿಟ್ಟಿರುತ್ತಿತ್ತು. ಯಾರೂ ಅವರನ್ನು ಬೇಡ ಎಂದಿರಲಿಲ್ಲ. ಹಾಗೆಂದು ಬನ್ನಿ ಎಂದೂ ಅನ್ನುತ್ತಿರಲಿಲ್ಲ. ತಪ್ಪು ಅವರದೇ. ಹೋದಲ್ಲೆಲ್ಲ ಲೋಟವನ್ನು ಬೆಳಕಿಗೆ ಹಿಡಿದು ನೋಡುವುದು, ಪಲ್ಯದಲ್ಲಿ ಬೆಳ್ಳುಳ್ಳಿ ಹುಡುಕುವುದು, ಬಡಿಸುವವನ ಉಗುರು ಪರೀಕ್ಷಿಸುವುದು ಅವರ ಪದ್ಧತಿ. ಒಮ್ಮೆ ಮಾದಾಪುರದ ಒಂದು ಹೋಟೆಲಿನಲ್ಲಿ ನೆಟ್ಟಗೆ ಅಡುಗೆಮನೆಗೇ ನುಗ್ಗಿ, ಅಡುಗೆಯವನಿಗೆ ಸ್ನಾನ ಆಗಿದೆಯೋ ಇಲ್ಲವೋ ಎಂದು ವಿಚಾರಿಸಿಬಿಟ್ಟಿದ್ದರು. ಪಕ್ಕದ ಮೇಜಿನಲ್ಲಿ ಸೊಸೆಯ ಆಫೀಸಿನವರು ಕೂತಿದ್ದರು. ಮುಂದಿನ ವಾರದಿಂದ ಆಕೆ ಫೋನಿನಲ್ಲಿ ಜಾಗ ಕಾದಿರಿಸುವಾಗ "ಮೂರು ಮಂದಿ" ಎನ್ನತೊಡಗಿದಳು.

ಆ "ಮೂರು ಮಂದಿ" ರಾಯರ ಎದೆಗೆ ನಾಟಿತ್ತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಭಾನುವಾರದ ಸಾರು ಎಷ್ಟು ಚೆನ್ನಾಗಿದ್ದರೂ ಒಬ್ಬರೇ ಕೂತು ಉಣ್ಣುವಾಗ ರುಚಿ ಹತ್ತುತ್ತಿರಲಿಲ್ಲ. ಅದಕ್ಕೇ ಈ ಪ್ರತಿಜ್ಞೆ. ನಾಲ್ಕನೆಯ ಕುರ್ಚಿಯನ್ನು ಗೆದ್ದುಕೊಂಡೇ ತೀರಬೇಕೆಂದು ಅವರು ತೀರ್ಮಾನಿಸಿದ್ದರು.

ಈ ವಾರ ಹೋಗಬೇಕಿದ್ದದ್ದು ಮಣಿಕೊಂಡದ ಒಂದು ಗಲ್ಲಿಯಲ್ಲಿದ್ದ, ಜಪಾನಿನವರು ಅನ್ನಕ್ಕೆ ಮೀನು ಸೇರಿಸಿ ಮಾಡುವ ಸುಶಿಯ ಅಂಗಡಿಗೆ. ಜಪಾನಿನಲ್ಲಿ ಕೆಲವು ವರ್ಷ ಇದ್ದು ಬಂದ ಭವಾನಿ ಎಂಬ ತೆಲುಗು ಹೆಣ್ಣುಮಗಳು ಅದನ್ನು ನಡೆಸುತ್ತಿದ್ದಳು. ಅಲ್ಲಿ ಮೀನಿನ ಸುಳಿವೇ ಇಲ್ಲ, ಎಲ್ಲ ತರಕಾರಿಯದೇ ಎಂದು ಮೃಣಾಲಿನಿ ಮಾವನಿಗೆ ಮತ್ತೆ ಮತ್ತೆ ಹೇಳಿದಳು. ಆಮೇಲೆ, "ಮಾವಾ, ಭವಾನಿ ನನ್ನ ಗೆಳತಿ. ಅಲ್ಲಿ ಏನೂ ಅನಬ್ಯಾಡ್ರಿ" ಎಂದಳು.

ರಾಯರು ಅವತ್ತಿಡೀ ತಾಲೀಮಿಗೆ ಇಳಿದರು. ಮೊದಲು ಎರಡು ಊದಿನಕಡ್ಡಿಗಳಿಂದ ಶೇಂಗಾ ಎತ್ತಲು ಹೋದರು. ಕಡ್ಡಿ ಮುರಿಯಿತು, ಶೇಂಗಾ ಹಾರಿ ದೇವರಮನೆ ಸೇರಿತು. ಆಮೇಲೆ ಪೆನ್ಸಿಲುಗಳು ಬಂದವು. ಮಧ್ಯಾಹ್ನದ ಹೊತ್ತಿಗೆ ಒಂದು ಶೇಂಗಾ ತಟ್ಟೆಯಿಂದ ಬಾಯಿಯವರೆಗೆ ಸುರಕ್ಷಿತವಾಗಿ ಪ್ರಯಾಣ ಮಾಡಿತು. ರಾಯರು ಮನೆಯವರನ್ನೆಲ್ಲ ಕರೆದು ತೋರಿಸಹೋದರು. ಎರಡನೆಯ ಶೇಂಗಾ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಭಾನುವಾರ ಹೋಗಿ ನೋಡಿದರೆ ಅಂಗಡಿ ಸಣ್ಣದು. ಅತ್ತ ಮೆಡಿಕಲ್ ಶಾಪು, ಇತ್ತ ದರ್ಜಿಯ ಅಂಗಡಿ. ನಡುವೆ ಬೆರಳೆಣಿಕೆಯ ಮೇಜುಗಳು. ರಾಯರು ಲೋಟವನ್ನು ಬೆಳಕಿಗೆ ಹಿಡಿಯಲಿಲ್ಲ. ಅಡುಗೆಮನೆಯ ಕಡೆ ಕತ್ತು ತಿರುಗಿಸಲಿಲ್ಲ. ಭವಾನಿ ಬಂದು ನಮಸ್ಕಾರ ಮಾಡಿದಾಗ ಆಕೆಯ ಉಗುರಿನ ಮೇಲೆ ಹೋದ ದೃಷ್ಟಿಯನ್ನು ಎಳೆದು ತಂದು ಗೋಡೆಯ ಮೇಲೆ ನೆಟ್ಟರು. ಮೃಣಾಲಿನಿಯ ಬಿಗಿದ ಭುಜ ತುಸು ಸಡಿಲವಾಯಿತು.

ಅಷ್ಟರಲ್ಲಿ ಊಟ ಬಂತು. ನಾಲ್ಕೂ ಮಂದಿಗೆ ಸೇರಿ ಒಂದೇ ಉದ್ದನೆಯ ಹಲಗೆ, ಅದಕ್ಕೆ ಕೆಳಗೆ ಎರಡು ಮೋಟು ಕಾಲು. ಅದರ ಮೇಲೆ ಅನ್ನದ ಪುಟ್ಟ ಪುಟ್ಟ ಉಂಡೆ, ಕಪ್ಪು ಎಲೆ ಸುತ್ತಿದ ಸುರುಳಿ, ಸೌತೆಕಾಯಿ, ಗಜ್ಜರಿ. ರಾಯರು ಬಗ್ಗಿ ಆ ಕಾಲುಗಳನ್ನು ನೋಡಿದರು. ಇದು ಮಣೆ! ತಾವು ದಿನಾ ಊಟಕ್ಕೆ ಕೂರುವ ಮಣೆ! ಕೂರುವುದರ ಮೇಲೆ ಬಡಿಸಿದ್ದಾರೆ! ನಾಲಿಗೆಯ ತುದಿಗೆ ಬಂದ ಮಾತನ್ನು ಅವರು ಒಂದು ಗುಟುಕು ಚಹಾದ ಜೊತೆ ನುಂಗಿದರು. ಆ ಚಹಾಕ್ಕೆ ಹಾಲೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಅದನ್ನೂ ಅನ್ನಲಿಲ್ಲ.

ಅನಾಹುತ ಆದದ್ದು ಈ ಗಡಿಬಿಡಿಯಲ್ಲೇ. ಬಾಯನ್ನು ಕಾಯುವುದರಲ್ಲಿ ರಾಯರು ಕೈಯನ್ನು ಮರೆತರು. ಎದುರಿಗೆ ಅನ್ನ ಕಂಡಿತ್ತು. ಉಪನಯನ ಆದಂದಿನಿಂದ ಅನ್ನ ಕಂಡಾಗ ಆ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಅಂಗೈಗೆ ನೀರು ತೆಗೆದುಕೊಂಡು, ತುಟಿಯಲ್ಲೇ ಮಂತ್ರ ಹೇಳುತ್ತಾ ಇಡೀ ಹಲಗೆಯ ಸುತ್ತ ನೀರು ಬಿಟ್ಟಿತು. ಒಂದು ಸುಶಿಯಿಂದ ಕೆಲವು ಅಗುಳು ಕಿತ್ತು ಬಲಬದಿಗೆ ಮೇಜಿನ ಮೇಲೆ ಸಾಲಾಗಿ, ಊಟಕ್ಕೆ ಮುಂಚೆ ಇಡುವ ಚಿತ್ರಾಹುತಿ ಇಟ್ಟಿತು. ಎಲೆ ಹಿಡಿದು ಉಣ್ಣುವ ಅಭ್ಯಾಸದಂತೆ ಎಡಗೈ ಹೋಗಿ ಹಲಗೆಯ ಅಂಚನ್ನು ಹಿಡಿದುಕೊಂಡಿತು.

ಸುಶಿಯತ್ತ ಹೊರಟಿದ್ದ ನಿಶಾಂತನ ಕೈಯನ್ನು ಗೋದಾಬಾಯಿ ಪಟ್ಟನೆ ಹಿಡಿದರು. ನೀರು ಬಿಟ್ಟು ಚಿತ್ರಾಹುತಿ ಇಟ್ಟ ಮೇಲೆ ಅದು ಉಣ್ಣುವವನ ಸ್ವಂತ ಎಲೆ. ಅದರಲ್ಲಿ ಬೇರೆಯವರು ಕೈ ಹಾಕುವಂತಿಲ್ಲ, ಉಣ್ಣುವವನು ಒಂದು ಅಗುಳು ಬಿಡುವಂತಿಲ್ಲ, ಮುಗಿಯುವ ತನಕ ಏಳುವಂತಿಲ್ಲ, ಮಾತಾಡುವಂತಿಲ್ಲ. ಇವೆಲ್ಲ ರಾಯರೇ ಮನೆಯಲ್ಲಿ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದ ನಿಯಮಗಳು.

"ಈ ಮಣಿ ಇನ್ನ ನಿಮ್ಮ ಎಲಿ ಆತು" ಎಂದರು ಗೋದಾಬಾಯಿ ಶಾಂತವಾಗಿ. "ಸಾವಕಾಶ ಉಣ್ರಿ. ನಾವು ಬ್ಯಾರೆ ತರಸ್ತೀವಿ."

ರಾಯರು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನಾಲ್ಕು ಜನರ ಊಟ! ಬಾಯಿ ತೆರೆದು ಏನಾದರೂ ಹೇಳೋಣವೆಂದರೆ ಮೌನ ಮುರಿಯುತ್ತದೆ. ಮುರಿದರೂ ಅದು ತಕರಾರು ಎನಿಸಿಕೊಳ್ಳುತ್ತದೆ. ಎದುರಿಗೆ ಸೊಸೆ ಉಸಿರು ಹಿಡಿದು ಕೂತಿದ್ದಾಳೆ. ಅವರು ಬೆನ್ನು ನೆಟ್ಟಗೆ ಮಾಡಿ, ಕಾಗದದ ಚೀಲ ಹರಿದು ಕಡ್ಡಿಗಳನ್ನು ಕೈಗೆ ತೆಗೆದುಕೊಂಡರು.

ಅಲ್ಲಿಂದ ನಡೆದದ್ದು ಊಟವಲ್ಲ, ಕಾಳಗ. ಮೊದಲ ಸುಶಿ ಬಾಯಿ ಹತ್ತಿರದವರೆಗೂ ಬಂದು, ಯೋಚನೆ ಬದಲಿಸಿ ಚಹಾದ ಬಟ್ಟಲಿಗೆ ಧುಮುಕಿತು. ಎರಡನೆಯದನ್ನು ಕಡ್ಡಿಯಿಂದ ಚುಚ್ಚಿದರೆ ಅಂಗಾತ ಬಿಚ್ಚಿಕೊಂಡಿತು. ಅದರ ಅಗುಳುಗಳನ್ನು ಒಂದೊಂದಾಗಿ ಹೆಕ್ಕಿ ತಿಂದರು. ಮೂರನೆಯದು ನೆಲಕ್ಕೆ ಬಿದ್ದಾಗ, ಒಂದು ಕಡಿಮೆಯಾಯಿತಲ್ಲ ಎಂದು ರಾಯರಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಭವಾನಿ ನೋಡಿಬಿಟ್ಟಿದ್ದಳು. ಹಿರಿಯರ ಪಾಲಿನದು ಬಿದ್ದುಹೋಯಿತೆಂದು ಮರುಗಿ ಅದರ ಬದಲಿಗೆ ಎರಡು ತಂದಿಟ್ಟು ಹೋದಳು. ಮುಂದೆ ಬಿದ್ದದ್ದಕ್ಕೂ ಎರಡು ಬಂದವು. ಬೀಳಿಸಿದಷ್ಟೂ ಹಲಗೆ ತುಂಬುತ್ತದೆಂದು ತಿಳಿದ ಮೇಲೆ ರಾಯರು ಬೀಳಿಸುವುದನ್ನೇ ಬಿಟ್ಟರು. ಪ್ರಾಣಭಯದಿಂದ ಬಂದ ವಿದ್ಯೆ ಅದು. ಕಡ್ಡಿಗಳು ಚಿಮಟದಂತೆ ಹಿಡಿಯತೊಡಗಿದವು.

ನಡುವೆ ಉಳಿದ ಮೂವರಿಗೆ ಬೇರೆ ಹಲಗೆ ಬಂತು, ಖಾಲಿಯಾಗಿ ಒಳಗೂ ಹೋಯಿತು. ರಾಯರಿಗೆ ಅತ್ತ ನೋಡಲು ಪುರುಸೊತ್ತೆಲ್ಲಿ? ಧೋತರದ ಗಂಟು ಬಿಗಿಯಿತು. ಹಣೆಯ ಮೇಲಿನ ಅಂಗಾರ-ಅಕ್ಷತೆ ಬೆವರಿಗೆ ಕರಗಿ ಮೂಗಿನವರೆಗೆ ಇಳಿಯಿತು. ಪಕ್ಕದ ಮೇಜಿನವರು ತಮ್ಮ ಊಟ ಬಿಟ್ಟು ಇವರನ್ನೇ ನೋಡುತ್ತಿದ್ದರು. ಆದರೂ ಆ ಮನುಷ್ಯ ಸೋಲಲಿಲ್ಲ. ಕೊನೆಯ ಸುರುಳಿಯನ್ನು ಬಾಯಿಗಿಟ್ಟು, ಕಣ್ಣುಮುಚ್ಚಿ ನುಂಗಿ, ಅಂಗೈಯಲ್ಲಿ ಒಂದು ಗುಟುಕು ನೀರು ಕುಡಿದು ಊಟ ಮುಗಿಸಿದರು. ಹಲಗೆಯ ಮೇಲೆ ಒಂದು ಅಗುಳೂ ಉಳಿದಿರಲಿಲ್ಲ.

ರಾಯರು ಕಡ್ಡಿಗಳನ್ನು ಖಡ್ಗದಂತೆ ಮೇಜಿನ ಮೇಲಿಟ್ಟು, ವಿಜಯದ ನಗೆಯಿಂದ ಎಲ್ಲರ ಕಡೆ ನೋಡಿದರು. ಆಗ ಕಣ್ಣಿಗೆ ಬಿದ್ದವು ಉಳಿದ ಮೂರು ಜೊತೆ ಕಡ್ಡಿಗಳು. ಮೂರೂ ತಮ್ಮ ತಮ್ಮ ಕಾಗದದ ಚೀಲದಲ್ಲಿ ಹಾಗೆಯೇ ಇದ್ದವು. ಒಂದನ್ನೂ ತೆರೆದಿರಲಿಲ್ಲ.

"ಇದನ್ನ ಕೈಯಿಂದನೂ ತಿಂತಾರ್ರಿ ಮಾವಾ" ಎಂದಳು ಮೃಣಾಲಿನಿ ಮೆಲ್ಲಗೆ. "ಜಪಾನಿನಾಗೂ ಹಂಗ ತಿಂತಾರಂತ, ಈಗ ಭವಾನಿ ಹೇಳಿದ್ಲು. ನಾವೆಲ್ಲಾ ಕೈಲೇ ತಿಂದ್ವಿ."

ರಾಯರ ನಗೆ ಅಲ್ಲೇ ನಿಂತಿತು. "ಮತ್ತ ಮೊದಲ ಯಾಕ ಹೇಳಲಿಲ್ಲವ್ವಾ?"

"ಊಟಕ್ಕ ಕೂತವರನ್ನ ಮಾತಾಡಸಬಾರದು ಅಂತ, ನಾ ಈ ಮನಿಗೆ ಬಂದ ದಿನಾನ ನೀವು ಹೇಳಿದ್ರಲ್ರಿ."

ರಾಯರು ಧೋತರದ ಗಂಟು ಸಡಿಲಿಸಿಕೊಂಡರು. ಹೊಟ್ಟೆಯಲ್ಲಿ ಇನ್ನು ಉತ್ತರಕ್ಕೂ ಜಾಗವಿರಲಿಲ್ಲ. ಅಷ್ಟರಲ್ಲಿ ಭವಾನಿ ಬಂದು ಊಟ ಹೇಗಿತ್ತೆಂದು ಕೇಳಿದಳು. ಮೃಣಾಲಿನಿಯ ಮುಖ ಮತ್ತೆ ಬಿಗಿಯಿತು. ರಾಯರು ಒಮ್ಮೆ ಮಣೆಯನ್ನು ನೋಡಿದರು, ಒಮ್ಮೆ ಸೊಸೆಯನ್ನು ನೋಡಿದರು. ಆಮೇಲೆ ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ, "ಚಾಲಾ ಬಾಗುಂದಮ್ಮಾ" ಎಂದು ಅಚ್ಚ ತೆಲುಗಿನಲ್ಲಿ ಸರ್ಟಿಫಿಕೇಟು ಕೊಟ್ಟರು. ಸೊಸೆ ಬಾಯ್ತುಂಬ ನಕ್ಕಳು. ಆಕೆ ತಮ್ಮನ್ನು ನೋಡಿ ಹಾಗೆ ನಕ್ಕದ್ದನ್ನು ರಾಯರು ಎಂದೂ ಕಂಡಿರಲಿಲ್ಲ. ಏಳಲು ಆಗದಿದ್ದರೂ ಅವರಿಗೆ ಎದ್ದು ಕುಣಿಯಬೇಕೆನಿಸಿತು.

ಹೊರಡುವಾಗ ಮೃಣಾಲಿನಿ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಮುಂದಿನ ಭಾನುವಾರಕ್ಕೂ ಜಾಗ ಹೇಳಿಟ್ಟಳು. ನಿಶಾಂತನ ಭುಜ ಹಿಡಿದು ಬಾಗಿಲವರೆಗೆ ಬಂದಿದ್ದ ರಾಯರು ಕಿವಿ ನಿಮಿರಿಸಿ ಕೇಳಿದರು. "ನಾಲ್ಕು ಮಂದಿ" ಎಂದಳು ಸೊಸೆ. ಅವರ ಕಣ್ಣು ಒದ್ದೆಯಾಯಿತು.

ಚಪ್ಪಲಿ ಮೆಟ್ಟುತ್ತಿದ್ದ ಗೋದಾಬಾಯಿ ಅಲ್ಲಿಂದಲೇ ಸೊಸೆಯನ್ನು ತಿದ್ದಿದರು.

"ಮಂದಿ ನಾಲ್ಕ ಇರಲಿ, ಮಣಿ ಎರಡು ಅಂತ ಹೇಳು. ಒಂದು ನಮಗ ಮೂರು ಮಂದಿಗೆ, ಒಂದು ಅವರಿಗೆ."