ಬಖ್ತಾವರನ ಟ್ರ್ಯಾಕ್ಟರೂ ನಸೀಬಳ ಶಾವಿಗೆಯೂ

ಭತ್ತದ ಗದ್ದೆಯ ಕೆಲಸ ಪೂರ್ತಿ ಮುಗಿಯುವವರೆಗೆ ಟ್ರ್ಯಾಕ್ಟರಿನ ಆಯಿಲ್ ಬದಲಿಸುವುದೇ ಇಲ್ಲವೆಂದು ಬಖ್ತಾವರ್ ಸಿಂಗ್ ಊರ ಅರಳಿಕಟ್ಟೆಯಲ್ಲಿ ಮೀಸೆ ತಿರುವಿ ಸಾರಿಬಿಟ್ಟ. ಬರ್ನಾಲಾ ಪೇಟೆಯಿಂದ ಸಿಂಥೆಟಿಕ್ ಆಯಿಲ್ ತಂದು ಸುರಿದಿದ್ದ.

"ಮಾಮೂಲಿ ಆಯಿಲ್ ಅಂದ್ರೆ ಬಿಸಿಲೇರಿದ ಕೂಡ್ಲೇ ನೆರಳಿಗೆ ಓಡೋ ಕೂಲಿಯವನು. ಇದು ಹಾಗಲ್ಲ. ಎಂಜಿನ್ ಎಷ್ಟೇ ಕಾದ್ರೂ ನೀರಾಗೋಲ್ಲ" ಎಂದ. ಅಷ್ಟಕ್ಕೇ ಸುಮ್ಮನಾಗಬಾರದೇ? ಪಕ್ಕದಲ್ಲಿ ಕೂತಿದ್ದ ಪಿಯಾರಾ ಸಿಂಗನ ಕಡೆ ತಿರುಗಿದ. "ನಿನ್ನ ಟ್ರ್ಯಾಕ್ಟರು ಆಯಿಲ್ ಕುಡಿಯೋದು ನೋಡಿದ್ರೆ, ಉಳೋಕೆ ಬಂದಿದ್ಯೋ ಮದುವೆಗೆ ಬಂದಿದ್ಯೋ ಅನ್ಸುತ್ತೆ." ಪಿಯಾರಾ ಗಡ್ಡದೊಳಗೇ ನಕ್ಕ.

ಬಖ್ತಾವರನ ಹೆಂಡತಿ ನಸೀಬ್ ಕೌರ್ ಯಾವುದನ್ನೂ ಕೇಳಿದ ಮಾತ್ರಕ್ಕೆ ನಂಬುವವಳಲ್ಲ. ಹೊಲಕ್ಕೆ ಲಸ್ಸಿ ಒಯ್ದಾಗಲೆಲ್ಲ ನಿಂತು ಎಂಜಿನ್ನಿನ ಸದ್ದು ಕೇಳಿದಳು. ಮೊದಲಿನ ಕರಕರ ಇರಲಿಲ್ಲ. ಸಂಜೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದಳು, ಮೊದಲಿನಷ್ಟು ಸುಡಲೂ ಇಲ್ಲ. ಗಂಡ ಹೇಳಿದ್ದು ನಿಜವೇ. ಆದರೂ ಒಂದು ಅನುಮಾನ ಉಳಿದಿತ್ತು.

"ಸರ್ದಾರ್‌ಜೀ, ಆ ಆಯಿಲ್ ಇಷ್ಟು ದಿನ ಒಳಗೇ ಇದ್ರೆ, ಹೊರಗೆ ಬರೋದು ಯಾವಾಗ?"

ಹೊಗಳಿಕೆಯೆಂದುಕೊಂಡು ಅವನು ಇನ್ನೊಂದು ಲೋಟ ಲಸ್ಸಿ ಕುಡಿದ.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಮಳೆ ಹಿಡಿದರೆ ಊರ ಬಾಗಿಲುಗಳಿಗೆಲ್ಲ ಗೆದ್ದಲು ಹತ್ತುತ್ತದೆ. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಬಳಿದರೆ ಗೆದ್ದಲು ಹತ್ತಿರ ಸುಳಿಯದು. ಬಖ್ತಾವರ್ ಆಯಿಲ್ ಇಳಿಸುವ ದಿನ ಓಣಿಯ ಹೆಂಗಸರೆಲ್ಲ ಡಬ್ಬಿ ಹಿಡಿದು ಬರುತ್ತಿದ್ದರು, ನಸೀಬ್ ರಾಣಿಯಂತೆ ಕೂತು ಹಂಚುತ್ತಿದ್ದಳು. ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ಬಿಟ್ಟಿಯಾಗಿಯೂ ಹೋಗುತ್ತಿರಲಿಲ್ಲ. ಕೂತು ಅವಳ ಶಾವಿಗೆ ಒತ್ತಿಕೊಟ್ಟೇ ಏಳುತ್ತಿದ್ದರು.

ಈ ವರ್ಷವಂತೂ ಮಗಳು ಜಸ್ಸೋಳ ಮದುವೆಯಾದ ಮೇಲಿನ ಮೊದಲ ತೀಜ್ ಹಬ್ಬ. ತವರಿನಿಂದ ಕೈಶಾವಿಗೆಯ ಬುಟ್ಟಿ ಹೋಗಲೇಬೇಕು. ನಸೀಬ್ ಗುಡ್ಡದಷ್ಟು ಹಿಟ್ಟು ನಾದಿ, ಒತ್ತುವ ಯಂತ್ರವನ್ನು ಮಂಚದ ಅಂಚಿಗೆ ಬಿಗಿದು ಕಾದಳು. ಒಬ್ಬರೂ ಬರಲಿಲ್ಲ. ಕೊನೆಗೆ ಡಬ್ಬಿ ಹಿಡಿದು ಸರಸರ ಹೋಗುತ್ತಿದ್ದ ಓಣಿಯ ಭಾಗೋ ಚಾಚಿಯನ್ನು ತಡೆದು ಕೇಳಿದಳು.

"ಪಿಯಾರಾನ ಮನೇಲಿ ಆಯಿಲ್ ಇಳಿಸ್ತಿದ್ದಾರೆ ಕಣೇ ನಸೀಬೋ. ನಮ್ಮ ಚೌಕಟ್ಟು ಅರ್ಧ ಗೆದ್ದಲ ಹೊಟ್ಟೇಲಿದೆ. ಅಲ್ಲೇ ಅವನ ಹೆಂಡ್ತಿ ಮೇಲೋಳ ಶಾವಿಗೆ ಒತ್ತೋದೂ ಇದೆ."

ಬಖ್ತಾವರನಿಗೆ ರೋಷ ಬಂತು. ಐವತ್ತು ಕುದುರೆ ಶಕ್ತಿಯನ್ನು ಪಳಗಿಸಿದವನಿಗೆ ಶಾವಿಗೆ ಯಂತ್ರ ಯಾವ ಲೆಕ್ಕ! ಅಂಗಿಯ ತೋಳು ಮಡಚಿ ಹಿಡಿ ತಿರುವಿದ. ಎರೆಹುಳು ಗಾತ್ರದ ಎಳೆಗಳು ಬಂದವು. ಸಿಟ್ಟಿನಿಂದ ಇನ್ನಷ್ಟು ಜೋರಾಗಿ ತಿರುವಿದ. ಮಂಚ, ಯಂತ್ರ, ಹಿಟ್ಟು, ಅವನ ಪೇಟ ಎಲ್ಲ ಒಟ್ಟಿಗೆ ಅಂಗಳಕ್ಕುರುಳಿದವು.

ನಸೀಬ್ ಒಂದು ಎಳೆಯನ್ನೆತ್ತಿ ನೋಡಿದಳು. "ಇದನ್ನ ಕಳಿಸಿದ್ರೆ ಬೀಗರು ಇದರಲ್ಲೇ ಎಮ್ಮೆ ಕಟ್ತಾರೆ" ಎಂದಳು. ಆಮೇಲೆ ಮೆಲ್ಲಗೆ, "ಜಸ್ಸೋಳ ಅತ್ತೆ ಹತ್ತು ಜನರೆದುರು ಬುಟ್ಟಿ ಬಿಚ್ತಾಳೆ. ಏನು ಹೇಳಿ ಕಳಿಸ್ಲಿ? ಶಾವಿಗೆ ಇಲ್ಲ, ನಮ್ಮ ಎಂಜಿನ್ ಮಾತ್ರ ತುಂಬಾ ಚೆನ್ನಾಗಿದೆ ಅಂತಲೇ?"

ಬಖ್ತಾವರ್ ಪಾನಾ ತೆಗೆದುಕೊಂಡು ಟ್ರ್ಯಾಕ್ಟರಿನ ಕೆಳಗೆ ತೂರಿದ. ಇನ್ನೂ ಎಷ್ಟೋ ದಿನ ದುಡಿಯಬಹುದಾಗಿದ್ದ ಆಯಿಲ್ ಬೋಗುಣಿಗೆ ಇಳಿಯಿತು.

ಸುದ್ದಿ ಓಣಿ ದಾಟುವಷ್ಟರಲ್ಲಿ ಡಬ್ಬಿಗಳು ಬಂದವು. ಭಾಗೋ ಚಾಚಿ ಬೆರಳದ್ದಿ ಉಜ್ಜಿ ನೋಡಿ, "ಇಷ್ಟು ದುಡಿದ್ರೂ ಇನ್ನೂ ಜಾರುತ್ತಲ್ಲೇ! ಗೆದ್ದಲು ಜಾರಿ ಬಿದ್ದೇ ಸಾಯುತ್ತೆ" ಎಂದು ಬೆರಗಾದಳು. ನಸೀಬ್ ಮತ್ತೆ ಹಿಟ್ಟು ನಾದಿದಳು, ಸಂಜೆಗೆ ಅಂಗಳದ ಹಗ್ಗದ ತುಂಬ ಕೂದಲೆಳೆಯಂಥ ಶಾವಿಗೆ ತೂಗಾಡಿತು.

ಮಾರನೆಯ ಬೆಳಿಗ್ಗೆ ಬುಟ್ಟಿ ಸಿದ್ಧ. ಕಾಲುವೆ ದಾರಿ ಕೆಸರಾಗಿತ್ತು, ಟ್ರ್ಯಾಕ್ಟರಿಲ್ಲದೆ ಬೀಗರ ಊರು ಮುಟ್ಟುವಂತಿರಲಿಲ್ಲ. ಟ್ರ್ಯಾಕ್ಟರಿನ ಹೊಟ್ಟೆ ಖಾಲಿ, ಪೇಟೆ ದೂರ. ಬಖ್ತಾವರ್ ಖಾಲಿ ಡಬ್ಬಿ ಹಿಡಿದು, ತಲೆ ತಗ್ಗಿಸಿ, ಪಿಯಾರಾನ ಬಾಗಿಲಲ್ಲಿ ನಿಂತ.

ಪಿಯಾರಾ ಏನೂ ಕೇಳದೆ ಮಾಮೂಲಿ ಆಯಿಲ್ ತುಂಬಿಸಿಕೊಟ್ಟ.

"ತಗೋ ಭಾಯಿ, ಮದುವೆಗೆ ಬಂದ ಟ್ರ್ಯಾಕ್ಟರು ಕುಡಿದು ಸ್ವಲ್ಪ ಉಳಿಸಿದೆ. ಇದು ಬೇಗ ಕೆಡುತ್ತೆ. ಬದಲಿಸೋ ದಿನ ಹೇಳಿ ಕಳಿಸು, ನಮ್ಮ ಮೇಲೋ ಡಬ್ಬಿ ಹಿಡ್ಕೊಂಡು ಬರ್ತಾಳೆ."