ಬೆನ್ನಿಗೆ ಒಳ್ಳೆಯ ಹಾಸಿಗೆ

ಎಲ್ಲ ಕೆಟ್ಟದ್ದು ಒಂದು ಸೀನಿನಿಂದ. ಬೆಳಿಗ್ಗೆ ಹಾಸಿಗೆ ಅಂಗಡಿಯ ಬಾಗಿಲಲ್ಲಿ ಕಮಾನು ಒಮ್ಮೆ ಸೀನಿದ, ಅಷ್ಟೆ. ಸೊಂಟದಿಂದ ಹಿಮ್ಮಡಿಯವರೆಗೆ ಯಾರೋ ಕಾದ ತಂತಿ ಎಳೆದ ಹಾಗಾಯಿತು. ಆಮೇಲೆ ಎಡಗಾಲು ಜೋಮು ಹಿಡಿದು, ಬಾಡಿಗೆಗೆ ತಂದ ಕಾಲಿನಂತೆ ಹಿಂದೆ ಹಿಂದೆ ಬರತೊಡಗಿತು. ಚಪ್ಪಲಿ ಕಳಚಿ ಬಿದ್ದದ್ದೂ ಪಾದಕ್ಕೆ ಗೊತ್ತಾಗಲಿಲ್ಲ.

ಹನ್ನೊಂದು ವರ್ಷ ಊರವರ ಸುಖನಿದ್ದೆಯನ್ನು ಮಹಡಿ ಮಹಡಿಗೆ ಹೊತ್ತು ಅವನ ಬೆನ್ನು ಬಾಗಿತ್ತು. ಅದಕ್ಕೇ ಕಮಾನು ಎಂಬ ಹೆಸರು. ಹಿಂದಿನ ದಿನ ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು: ಬೆನ್ನೆಲುಬಿನ ಬುಡದಲ್ಲಿ ನರ ಒತ್ತಿಹೋಗಿದೆ, ಎರಡು ವಾರ ಭಾರ ಎತ್ತಬೇಡ, ಎತ್ತಿದರೆ ಎಡಪಾದ ಮತ್ತೆ ಮೇಲೇಳುವುದು ಅನುಮಾನ. ಇವತ್ತು ರಜೆ ಕೇಳಿಯೇ ಬಿಡುವುದೆಂದು ಬಂದಿದ್ದ.

“ರಜೆನಾ?” ಯಜಮಾನ ಕೆರಳಿದ. “ಬೆನ್ನುನೋವು ಮಾಯ ಅಂತ ಬೋರ್ಡ್ ಹಾಕ್ಕೊಂಡು ಕೂತಿದೀನಿ. ನೀನು ಹಿಂಗೆ ಕುಂಟ್ತಾ ಓಡಾಡಿದ್ರೆ ಯಾವನಯ್ಯಾ ಹಾಸಿಗೆ ತಗೋತಾನೆ? ನೆಟ್ಟಗೆ ನಡಿ, ಇಲ್ಲಾ ನಾಳೆಯಿಂದ ಬರಬೇಡ!”

ಹೇಳಿ ತಿಂಡಿಗೆ ಹೋದ. ಅವನ ಬೆನ್ನು ನೆಟ್ಟಗಿತ್ತು. ಏನನ್ನೂ ಎತ್ತದವರ ಬೆನ್ನು ನೆಟ್ಟಗೇ ಇರುತ್ತದೆ.

ಪಕ್ಕದಂಗಡಿಯ ಕ್ಷೌರಿಕ ಎಲ್ಲ ಕೇಳಿಸಿಕೊಂಡಿದ್ದ. ಕತ್ತರಿ ಕೈಯಲ್ಲೇ ಓಡಿ ಬಂದ.

“ನರ ಅಂದ್ರೆ ಏನೋ ಮಹಾ! ಬೋರಲು ಮಲಕ್ಕೋ. ನಮ್ಮ ಮಾವನ ಸೊಂಟ ಸರಿ ಮಾಡಿದ್ದೇ ನಾನು.”

“ಈಗ ಹೇಗಿದಾರಣ್ಣ ನಿಮ್ಮ ಮಾವ?”

“ತೀರ್ಕೊಂಡ್ರು. ಆದ್ರೆ ಸೊಂಟ ನೆಟ್ಟಗಿತ್ತು.”

ಬೇಡ ಬೇಡ ಎನ್ನುವಷ್ಟರಲ್ಲಿ ಅವನನ್ನು ಗಾಜಿನ ಕಿಟಕಿಯಲ್ಲಿ ನೋಡಲಿಟ್ಟಿದ್ದ ಹಾಸಿಗೆಯ ಮೇಲೆ ಕೆಡವಿ, ಕಾಲು ಹಿಡಿದು ಹಗ್ಗಜಗ್ಗಾಟದವನಂತೆ ಎಳೆದ. ಒಳಗೆಲ್ಲೋ ಟಕ್ ಎಂದಿತು. ಕಮಾನು ಕಿರುಚಲೂ ಆಗದೆ ಬಾಯಿ ತೆರೆದು ಬಿದ್ದುಕೊಂಡ.

“ಅರೆ, ನನ್ನ ಗಿರಾಕಿಗೆ ಅರ್ಧ ಮೀಸೆ ಉಳಿದಿದೆ!” ಎಂದು ಕ್ಷೌರಿಕ ಪರಾರಿ.

ಗಾಜಿನಾಚೆ ಒಬ್ಬಳು ನಿಂತಳು. ಆಮೇಲೆ ನಾಲ್ವರು. ಆಮೇಲೆ ಜಾತ್ರೆ.

“ಹಾಡುಹಗಲಲ್ಲಿ ಎಂಥಾ ನಿದ್ದೆ ನೋಡ್ರೀ!”

“ನಿದ್ದೆ ಅಲ್ಲ ಕಣ್ರೀ, ಎಚ್ಚರ ಇದೆ. ಅಯ್ಯೋ, ಸುಖಕ್ಕೆ ಕಣ್ಣಲ್ಲಿ ನೀರು ಬರ್ತಿದೆ ಪಾಪ!”

ಯಜಮಾನ ಬೈಯಲೆಂದೇ ಬಾಯಿ ತೆರೆದುಕೊಂಡು ಓಡಿ ಬಂದವನು, ಜನ ನೋಡಿ ಬೈಗುಳ ನುಂಗಿದ. ಬಗ್ಗಿ ಪಿಸುಗುಟ್ಟಿದ: “ಏಳಬೇಡ. ಕೊಂದುಬಿಡ್ತೀನಿ, ಏಳಬೇಡ!”

ಏಳಲು ಯಾರಿಂದ ಆಗುತ್ತಿತ್ತು? ಅವನು ಮಧ್ಯಾಹ್ನದವರೆಗೆ ನರಳಿದ. ನರಳಿದಾಗೆಲ್ಲ ಒಳಗೆ ಒಂದೊಂದು ಹಾಸಿಗೆ ಮಾರಿಹೋಯಿತು.

ಕೊನೆಗೆ ಯಜಮಾನ ಬಂದು ಪಕ್ಕದಲ್ಲಿ ಕೂತು ಹಣೆ ಸವರಿದ. “ಎರಡಲ್ಲ ಕಣಯ್ಯಾ, ಮೂರು ವಾರ ರಜೆ ತಗೋ. ಸಂಬಳ ಹಿಡಿಯಲ್ಲ.”

ಕಮಾನಿನ ಕಣ್ಣಲ್ಲಿ ಈಗ ಬಂದದ್ದು ಬೇರೆ ನೀರು. “ನಿಜವಾಗ್ಲೂನಾ ಯಜಮಾನ್ರೇ?”

“ಆಣೆಗೂ. ಹದಿನೇಳು ಹಾಸಿಗೆ ಹೋಯ್ತಲ್ಲಯ್ಯಾ! ಅಷ್ಟನ್ನೂ ಇವತ್ತೇ ಮನೆಗಳಿಗೆ ಮುಟ್ಟಿಸಿ ಹೊರಟುಬಿಡು. ಬೇರೆ ಆಳು ಬೇಡವಂತೆ. ಕಿಟಕೀಲಿ ಮಲಗಿದ್ದ ಪುಣ್ಯಾತ್ಮನೇ ಹೊತ್ತು ತರ್ಲಿ ಅಂತ ಎಲ್ರೂ ಹಟ ಹಿಡಿದಿದಾರೆ.”

ಕಮಾನು ಮುಖವನ್ನು ಹಾಸಿಗೆಯಲ್ಲಿ ಹುದುಗಿಸಿದ. ಯಜಮಾನ ಮೆಲ್ಲಗೆ ಭುಜ ತಟ್ಟಿದ.

“ಆ ಹಾಸಿಗೆ ಬಿಟ್ಟು ಏಳು ಮೊದಲು. ಅದೂ ಮಾರಿದ್ದಾಯ್ತು. ನಾಲ್ಕನೇ ಮಹಡಿ.”