ತಲೆಯೂರಿನ ಸಕ್ಕರೆ ಉಗ್ರಾಣ

ಬಹಳ ಹಿಂದೆ, ಅಂದರೆ ಮೊನ್ನೆ ಭಾನುವಾರ, ತಲೆಯೂರು ಎಂಬ ಒಂದು ರಾಜ್ಯವಿತ್ತು. ಎಲ್ಲಿತ್ತು ಎಂದು ಕೇಳಿ ಮುಜುಗರ ಮಾಡಬೇಡಿ. ನನ್ನ ಎರಡು ಕಿವಿಗಳ ನಡುವೆಯೇ ಇತ್ತು. ವಿಸ್ತೀರ್ಣ ಒಂದು ತೆಂಗಿನಕಾಯಿಯಷ್ಟು. ಆದರೂ ಇಡೀ ದೇಹದ ಪ್ರಜೆಗಳು ದುಡಿದು ತಂದದ್ದರಲ್ಲಿ ಐದನೇ ಒಂದು ಪಾಲನ್ನು ಈ ರಾಜಧಾನಿ ಕೂತಲ್ಲೇ ಕಬಳಿಸುತ್ತಿತ್ತು. ಅಲ್ಲಿಯ ದೊರೆ ಶ್ರೀಮನ್ಮಹಾರಾಜ ಸ್ವಪ್ರಶಂಸವರ್ಮ. ಮಹಾಮಂತ್ರಿ ಬಹುಪರಾಕಯ್ಯ.

ಆ ರಾಜ್ಯದ ಪದ್ಧತಿಯೇ ಬೇರೆ. ಅಧಿಕಾರಿಗಳಾದ ನರಕೋಶಗಳು ಸ್ವಂತ ಮನೆಯಲ್ಲಿ ಸಕ್ಕರೆ ಕೂಡಿಡುವಂತಿಲ್ಲ. ಕೂಡಿಟ್ಟವರು ಬಾಳಿ ಬದುಕಿದ್ದಿಲ್ಲ. ನೆತ್ತರ ನಾಲೆಯಲ್ಲಿ ಹರಿದು ಬಂದದ್ದನ್ನು ಆಗಿಂದಾಗ್ಗೆ ತಿನ್ನಬೇಕು. ನಾಲೆ ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೇ ನಕ್ಷತ್ರದಾಕಾರದ ಉಗ್ರಾಣ. ಅದರ ಒಡತಿ ತಾರಕ್ಕ. ಗಂಟು ಕಟ್ಟಿಟ್ಟ ಸಕ್ಕರೆಯನ್ನು ಮುರಿದು, ಅರೆದು, ಹಸಿದ ಅಧಿಕಾರಿಯ ಬಾಯಿಗೆ ಹಾಕುವುದು ಅವಳ ಕೆಲಸ. ದಾಸ್ತಾನು ಮಾತ್ರ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ.

ಆ ಭಾನುವಾರ ನನಗೆ ಅಕ್ಷರ ಕಲಿಸಿದ ಸರ್ವಮಂಗಳಾ ಟೀಚರಿಗೆ ಸನ್ಮಾನ. ಎಂಬತ್ತು ದಾಟಿದ ಅವರಿಗೆ ಬದುಕಿನಲ್ಲಿ ಇದೇ ಮೊದಲನೆಯದು. ಅಭಿನಂದನಾ ಭಾಷಣ ನನ್ನದು. "ಮೈಕಲ್ಲಿ ನನ್ನ ಹೆಸರನ್ನ ನಿನ್ನ ಬಾಯಿಂದ ಒಂದ್ಸಲ ಕೇಳ್ಬೇಕು ಕಣೋ, ಅಷ್ಟು ಸಾಕು," ಎಂದು ಫೋನಿನಲ್ಲಿ ಅಂದಿದ್ದರು.

ಬೆಳಿಗ್ಗೆ ಸ್ವಪ್ರಶಂಸವರ್ಮರು ರಾಜಾಜ್ಞೆ ಹೊರಡಿಸಿದರು: ಹೊಸ ಜುಬ್ಬಾದಲ್ಲಿ ಹೊಟ್ಟೆ ಕಾಣತಕ್ಕದ್ದಲ್ಲ, ಆದಕಾರಣ ತಿಂಡಿ ರದ್ದು.

"ಎರಡು ಇಡ್ಲಿನಾದ್ರೂ ತಿಂದು ಹೋಗ್ರೀ, ಆಮೇಲೆ ಅಲ್ಲಿ ಬೆಬ್ಬೆಬ್ಬೆ ಅಂದೀರ," ಎಂದಳು ಹೆಂಡತಿ.

"ಫಾಸ್ಟಿಂಗ್ ಕಣೇ. ತಲೆ ಚುರುಕಾಗತ್ತೆ," ಎಂದೆ.

ಸಭಾಂಗಣ ತಲುಪುವಷ್ಟರಲ್ಲಿ ನಾಲೆ ತಳ ಕಂಡಿತ್ತು. ತಾರಕ್ಕ ಓಡೋಡಿ ಬಂದು ಕೈಮುಗಿದಳು. "ಬುದ್ಧೀ, ಇರೋದು ಒಂದು ಹಿಡಿ. ನೆನಪಿನ ಕೇರಿಗೆ ಎತ್ತಿಡ್ಲಾ? ಟೀಚರಮ್ಮನ ಹೆಸರು ಹೇಳೋ ಹೊತ್ತಿಗೆ ಬೇಕಾಯ್ತದೆ."

"ಶಾಂತಂ ಪಾಪಂ!" ಎಂದರು ಬಹುಪರಾಕಯ್ಯನವರು. "ಪ್ರಭುಗಳ ಇಮೇಜು ಮೊದಲು. ತಕ್ಷಣ ಉನ್ನತ ಮಟ್ಟದ ಸಮಿತಿ ರಚಿಸೋಣ."

ಸಮಿತಿ ಕೂತಿತು. ಜುಬ್ಬಾ ಒಪ್ಪುತ್ತಿದೆಯೇ? ಕುರ್ಚಿ ನಟ್ಟನಡುವೆ ಇದೆಯೇ? ಮೂರನೇ ಸಾಲಿನ ಕನ್ನಡಕದ ಮಹಿಳೆ ನೋಡುತ್ತಿರುವುದು ನಮ್ಮನ್ನೋ, ಫ್ಯಾನನ್ನೋ? ಸದಸ್ಯರ ಭತ್ಯೆ ಸಕ್ಕರೆಯ ರೂಪದಲ್ಲಿ. ನಮ್ಮನ್ನೇ ನೋಡುತ್ತಿದ್ದಾರೆ ಎಂದು ಸರ್ವಾನುಮತದಿಂದ ನಿರ್ಣಯ ಅಂಗೀಕರಿಸುವ ಹೊತ್ತಿಗೆ ನನ್ನನ್ನು ಮೈಕಿಗೆ ಕರೆದರು.

"ಇಂದು ನಾವು ಗೌರವಿಸುತ್ತಿರುವುದು ನನ್ನ ಪ್ರೀತಿಯ ಟೀಚರ್, ಶ್ರೀಮತಿ..."

ಟೀಚರು ಸರಿಯಾಗಿ ಕೇಳಲೆಂದು ಕಿವಿಯ ಹಿಂದೆ ಕೈ ಒಡ್ಡಿಕೊಂಡು ಮುಂದಕ್ಕೆ ಬಾಗಿದರು.

"ಅಕ್ಕಾ, ಒಂದು ಚಿಟಿಕೆ ಕೊಡಕ್ಕಾ! ಹೆಸರು ಬಾಗಿಲ ತನಕ ಬಂದು ನಿಂತದೆ!" ಎಂದು ನೆನಪಿನ ಕೇರಿಯವರು ಗೋಳಾಡಿದರು. ತಾರಕ್ಕ ಚೀಲ ಕೊಡವಿ ತೋರಿಸಿದಳು. "ಸಮಿತಿಯೋರು ಗುಡಿಸಿ ಗುಂಡಾಂತರ ಮಾಡಿದ್ರಪ್ಪಾ."

ನನ್ನ ಜುಬ್ಬಾ ಬೆವರಿಗೆ ಅಂಟಿತು, ಹೊಟ್ಟೆ ಎದ್ದು ಕಂಡಿತು. ಆಗ ಪ್ರಭುಗಳು ಎರಡನೇ ಆಜ್ಞೆ ಹೊರಡಿಸಿದರು: ಈ ಕ್ಷಣದಿಂದ ಹೆಸರಿನ ಅಗತ್ಯವನ್ನೇ ರದ್ದುಪಡಿಸಲಾಗಿದೆ.

"...ಹೆಸರಿನ ಹಂಗನ್ನೇ ಮೀರಿದ ಮಹಾತಾಯಿ!" ಎಂದು ಗರ್ಜಿಸಿದೆ.

ಅಬ್ಬಬ್ಬಾ, ಏನು ಚಪ್ಪಾಳೆ! ಟೀಚರು ಮೆಲ್ಲಗೆ ಕೈ ಕೆಳಗಿಳಿಸಿದರು. ಮಾತಿಗೆ ಮರುಳಾದ ಸಂಘಟಕರು ಮಿಕ್ಕಿದ್ದ ಒಂದು ಮೈಸೂರು ಪೇಟವನ್ನು ತಂದು ನನ್ನ ತಲೆಯ ಮೇಲೇ ಇಟ್ಟರು. ಒಳಗೆ ಸ್ವಪ್ರಶಂಸವರ್ಮರು ಆ ದಿನವನ್ನು ವಿಜಯೋತ್ಸವವೆಂದು ಘೋಷಿಸಿದರು.

ಸಮಾರಂಭ ಮುಗಿದ ಮೇಲೆ ಯಾರೋ ಕೈಗೆ ಕೇಸರಿಬಾತಿನ ತಟ್ಟೆ ಕೊಟ್ಟರು. ಗಬಗಬ ತಿಂದೆ. ನಾಲೆ ತುಂಬಿತು. "ಸರ್ವಮಂಗಳಾ!" ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಕೂಗಿದೆ. "ಸರ್ವಮಂಗಳಾ ಟೀಚರ್ ಎಲ್ಲಿ?"

"ಆಟೋ ಹತ್ತಿ ಹೋದ್ರು ಸಾರ್," ಎಂದರು ಬಡಿಸುತ್ತಿದ್ದವರು. "ಏನೂ ತಿನ್ನಲಿಲ್ಲ. 'ನಮ್ಮ ಹುಡುಗ ಬೆಳಗಿಂದ ಹಸ್ಕೊಂಡಿರೋ ಹಂಗಿದೆ, ನನ್ನ ಪಾಲಿಂದು ಅವನಿಗೇ ಕೊಡಿ' ಅಂದ್ರು. ನೀವೀಗ ತಿಂದಿದ್ದು ಅದೇ."

ತಲೆಯೂರಿನಲ್ಲಿ ಪ್ರಭುಗಳು ಅದನ್ನೂ ಕಪ್ಪಕಾಣಿಕೆಯ ಬಾಬ್ತಿಗೆ ಸೇರಿಸಿಕೊಂಡು, ಪೇಟ ಸರಿಯಾಗಿ ಕೂತಿದೆಯೇ ಎಂದು ಪರಿಶೀಲಿಸಲು ಇನ್ನೊಂದು ಸಮಿತಿ ನೇಮಿಸಿದರು.